‘ಕರೆ’ ಎಂಬ ಕಟ್ಟು

ಏಳನೆಯ ಕಂತು

"ಆ ಫೋಟೋ ಇನ್ನೊಂದ್ಸಲ ಕೊಡಿ ಭಾವ."

"ಇದು ಹನ್ನೊಂದನೇ ಸಲ." ಇನ್ಸ್‌ಪೆಕ್ಟರು ಅಂಗಿಯ ಜೇಬಿನಿಂದ ಅದನ್ನು ಮತ್ತೆ ಎಳೆದು ಕೊಟ್ಟರು. "ನಮ್ಮ ಮದುವೆ ಫೋಟೋನ ನಿಮ್ಮಕ್ಕ ಕೂಡ ಇಷ್ಟು ಸಲ ನೋಡಿಲ್ಲ."

ಅವಳು ನಗಲಿಲ್ಲ. ಫೋಟೋ ಹಿಡಿದು ಚೀಟಿ ಕೋಣೆಯ ಕಿಟಕಿಯ ಹತ್ತಿರ ಹೋದಳು. ಏನೋ ಇದೆ. ಮೂರು ದಿನದಿಂದ ಕಣ್ಣಿಗೆ ಮರಳು ಬಿದ್ದ ಹಾಗೆ ಚುಚ್ಚುತ್ತಿರುವ ಏನೋ ಒಂದು ಇದರಲ್ಲೇ ಇದೆ.

ಮೂರು ದಿನದ ಹಿಂದೆ ಸಂಜೆ ಆರಕ್ಕೆ, ಬೀಗ ಹಾಕಿದ್ದ ಇದೇ ಕೋಣೆಯ ಏಣಿಯ ಬುಡದಲ್ಲಿ ನಿಘಂಟಿನ ಪ್ರಧಾನ ಸಂಪಾದಕರು, ಎಲ್ಲರ ಬಾಯಲ್ಲಿ ದೊಡ್ಡ ಮೇಷ್ಟ್ರು, ತಲೆಯ ಹಿಂದೆ ಪೆಟ್ಟು ತಿಂದು ಬಿದ್ದಿದ್ದರು. ಅವರಿಗೆ ಇನ್ನೂ ಎಚ್ಚರ ಬಂದಿರಲಿಲ್ಲ. ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿ ಕೂತಿದ್ದವರು ಕಟ್ಟಜ್ಜ. ಮೂವತ್ತೊಂದು ವರ್ಷದಿಂದ ಈ ಕೋಣೆಯ ಚೀಟಿಗಳನ್ನು ಕಟ್ಟಿಡುವ ಮುದುಕ. ಬೀಗದ ಕೈ ಇದ್ದದ್ದು ಅವರೊಬ್ಬರ ಬಳಿ. ಮಧ್ಯಾಹ್ನ ಮೂರಕ್ಕೆ ಅವರನ್ನು ಕೋರ್ಟಿಗೆ ಹಾಜರುಪಡಿಸಬೇಕು. ಈಗ ಗಂಟೆ ಹನ್ನೆರಡು ದಾಟಿತ್ತು.

ಅವರನ್ನು ಒಳಗೆ ಹಾಕಿಸಿದ್ದು ಅವಳದೇ ಹೇಳಿಕೆ. ‘ಐದು ಗಂಟೆಗೆ ಬೀಗ ಹಾಕಿ ಕೊನೆಗೆ ಹೊರಬಂದವರು ಕಟ್ಟಜ್ಜ.’ ಕರಡು ತಿದ್ದುವುದೇ ಅವಳ ಕಸುಬು. ತಕ್ಕ ಪದ ಸಿಗುವವರೆಗೆ ಮಾತು ನಿಲ್ಲಿಸಿಬಿಡುತ್ತಾಳೆಂದು ಕಚೇರಿಯವರು ‘ಅಲ್ಪವಿರಾಮ’ ಎಂದೇ ಕರೆಯುತ್ತಿದ್ದರು. ಆ ವಾಕ್ಯವನ್ನೂ ಮೂರು ಸಲ ಓದಿಯೇ ಸಹಿ ಹಾಕಿದ್ದಳು. ಒಂದು ತಪ್ಪೂ ಇಲ್ಲದ ವಾಕ್ಯ. ಅದೇ ಅಜ್ಜನ ಕೊರಳಿಗೆ ಉರುಳಾಗಿತ್ತು.

"ಅಜ್ಜ ಬಾಯಿ ಬಿಟ್ಟರಾ?"

"ಊಹೂಂ. ಹೌದು ಅನ್ನಲ್ಲ, ಇಲ್ಲ ಅನ್ನಲ್ಲ. ಕಾಫಿ ಕೊಟ್ರೆ ಕುಡೀತಾರೆ, ಲೋಟ ತೊಳೆದು ಬೋರಲು ಹಾಕಿಡ್ತಾರೆ. ಇಷ್ಟು ಶಿಸ್ತಿನ ಆರೋಪೀನ ನಾನು ನೋಡೇ ಇಲ್ಲ."

ಪೊಲೀಸರು ಅವತ್ತು ತೆಗೆದ ಆ ಫೋಟೋವನ್ನು ಅವಳು ಓರೆ ಹಿಡಿದಳು. ಮೇಷ್ಟ್ರ ಬಲಗೈಯಿಂದ ಒಂದು ಗೇಣು ದೂರದಲ್ಲಿ ಚೀಟಿಗಳ ಒಂದು ಕಟ್ಟು. ದಾರ ಬಿಗಿಯಾಗಿ ಸುತ್ತಿದೆ. ಮೇಲಿನ ರಟ್ಟಿನ ಮೇಲೆ ತಲೆಪದ: ಕರೆ. ಬದಿಯಿಂದ ಬಿಸಿಲು ಬಿದ್ದು ಕಟ್ಟಿನ ಅಂಚು ಚೆನ್ನಾಗಿ ಕಾಣುತ್ತಿದೆ. ಹಳದಿ, ಬಿಳಿ, ಹಳದಿ, ಹಳದಿ, ಬಿಳಿ...

ಅವಳು ಫೋಟೋವನ್ನು ಕಣ್ಣ ಹತ್ತಿರ ತಂದಳು.

"ಭಾವ! ಪಟ್ಟೆ!"

"ಏನು ಪಟ್ಟೆ? ಹುಲಿ ಬಂತಾ?"

"ಕಟ್ಟಿನ ಅಂಚು ನೋಡಿ. ಪಟ್ಟೆ ಪಟ್ಟೆ ಇದೆ!" ಅವಳಾಗಲೇ ಏಣಿ ಹತ್ತಿದ್ದಳು. ಗೋಡೆಯುದ್ದಕ್ಕೂ ಇದ್ದ ಮರದ ಗೂಡುಗಳಿಂದ ಕೈಗೆ ಸಿಕ್ಕ ಕಟ್ಟುಗಳನ್ನು ಎಳೆದು ಅವರ ಕೈಗೆ ಹಾಕತೊಡಗಿದಳು. "ಇದು ‘ಕನಸು’. ಇದು ‘ಕಪ್ಪು’. ಇದು ‘ಕಲೆ’. ಬದಿಯಿಂದ ನೋಡಿ. ಹೇಗಿದೆ?"

ಇನ್ಸ್‌ಪೆಕ್ಟರು ಒಂದರ ಮೇಲೊಂದು ಪೇರಿಸಿಕೊಂಡು ಗಲ್ಲದಿಂದ ಅದುಮಿ ಹಿಡಿದರು. "ಕೆಳಗೆ ಹಳದಿ. ಮೇಲೆ ಹೋಗ್ತಾ ಹೋಗ್ತಾ ಬಿಳಿ."

"ಎಲ್ಲವೂ?"

"ಎಲ್ಲವೂ."

ಅವಳು ಏಣಿಯಿಂದ ಧಡಧಡನೆ ಇಳಿದಳು. "ಯಾರೋ ಒಂದು ಪುಸ್ತಕ ಓದುತ್ತಾ ಒಂದು ಪದ ಕಂಡರೆ, ಆ ವಾಕ್ಯವನ್ನ ಒಂದು ಚೀಟಿಗೆ ಇಳಿಸಿ ಇಲ್ಲಿಗೆ ಕಳಿಸ್ತಾರೆ. ಅರವತ್ತು ವರ್ಷದಿಂದ ಹೀಗೇ ಬರ್ತಾ ಇದೆ. ಅಜ್ಜ ಅದನ್ನ ಓದೋದಿಲ್ಲ. ತಲೆಪದ ನೋಡ್ತಾರೆ, ಬಂದ ಇಸವಿ ನೋಡ್ತಾರೆ, ದಬ್ಬಳದಲ್ಲಿ ಮೂಲೆಗೆ ತೂತು ಹಾಕಿ ಪೋಣಿಸ್ತಾರೆ. ಹಳೇದು ಅಡಿಗೆ, ಹೊಸದು ಮೇಲಕ್ಕೆ. ಕಾಗದಕ್ಕೆ ವಯಸ್ಸಾದ ಹಾಗೆ ಹಳದಿಯಾಗುತ್ತೆ. ಅದಕ್ಕೇ ಅಜ್ಜ ಕಟ್ಟಿದ ಯಾವ ಕಟ್ಟಲ್ಲೂ ಪಟ್ಟೆ ಬರೋಕೆ ಸಾಧ್ಯವೇ ಇಲ್ಲ. ಭಾವ, ಇದು ಅಜ್ಜ ಕಟ್ಟಿದ್ದಲ್ಲ!"

"ಉಸಿರಾಡಮ್ಮ," ಎಂದರು ಇನ್ಸ್‌ಪೆಕ್ಟರು. "ಇವತ್ತು ನಿನ್ನ ಅಲ್ಪವಿರಾಮ ಎಲ್ಲಿ ಹೋಯ್ತು?"

ಅವಳ ಕೆನ್ನೆ ಬಿಸಿಯಾಗಿತ್ತು.

"ಸರಿ," ಅವರು ಕಟ್ಟುಗಳನ್ನು ಮೇಜಿನ ಮೇಲಿಟ್ಟರು. "ಆದ್ರೆ ಕೋರ್ಟಲ್ಲಿ ನಿಂತು ಕಾಗದ ಹಳದಿಯಾಗಿದೆ ಸ್ವಾಮಿ ಅಂದ್ರೆ ನನ್ನ ಟೋಪಿ ಕಿತ್ತು ಕೈಗೆ ಕೊಡ್ತಾರೆ. ಅಜ್ಜನೇ ಹೊಡೆದು, ಗಾಬರೀಲಿ ಹೇಗೋ ಒಂದು ಕಟ್ಟಿ ಎಸೆದಿರಬಹುದಲ್ಲ?"

"ಹೇಗೋ ಕಟ್ಟಿದ್ದಲ್ಲ ಇದು."

ಅವಳು ಮೇಜಿನ ಮೇಲಿದ್ದ ಭೂತಗನ್ನಡಿಯನ್ನು ಫೋಟೋದ ಮೇಲಿಟ್ಟಳು. ಕಟ್ಟಿನ ನಡುವಿನಿಂದ ಒಂದು ಚೀಟಿ ಕೂದಲೆಳೆಯಷ್ಟು ಹೊರಗೆ ಇಣುಕಿತ್ತು. ಅದರ ಮೇಲೆ ಅರ್ಧಚಂದ್ರದ ಹಾಗೆ ಒಂದು ಕಪ್ಪು ಗುರುತು.

"ಬೂಟಿನ ಹಿಮ್ಮಡಿ," ಎಂದರು ಇನ್ಸ್‌ಪೆಕ್ಟರು. ಅವರ ದನಿಯಿಂದ ತಮಾಷೆ ಕರಗಿತ್ತು.

"ಅಂದರೆ ಚೀಟಿಗಳು ನೆಲದ ಮೇಲೆ ಚೆಲ್ಲಾಪಿಲ್ಲಿ ಆಗಿದ್ದವು. ಮೇಷ್ಟ್ರು ಏಣಿಯಿಂದ ಬಿದ್ದಾಗ ದಾರ ಕಿತ್ತುಹೋಗಿರಬೇಕು. ಆಮೇಲೆ ಯಾರೋ ಹೆಕ್ಕಿದ್ದಾರೆ. ಗಾಬರಿಯಲ್ಲಿ ಬಾಚಿಕೊಂಡಿದ್ದರೆ ಒಂದು ತಲೆಕೆಳಗು, ಒಂದು ಬೆನ್ನು ಮೇಲು ಆಗಿರೋದು. ಇಲ್ಲಿ ಎಲ್ಲ ಮೂಲೆಗಳೂ ಸರಿಯಾಗಿ ಕೂತಿವೆ. ತೂತಿಗೆ ತೂತು ಹೊಂದಿಸಿ ಪೋಣಿಸಿದ್ದಾರೆ. ನೂರ ನಲವತ್ತು ಚೀಟಿ. ಕಡಿಮೆ ಅಂದ್ರೂ ಅರ್ಧ ಗಂಟೆಯ ಕೆಲಸ."

ಇನ್ಸ್‌ಪೆಕ್ಟರು ಏಣಿಯ ಬುಡದ ಕಡೆಗೆ ನೋಡಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮನುಷ್ಯಾಕೃತಿ ಇನ್ನೂ ಅಳಿಸಿರಲಿಲ್ಲ.

"ಪಕ್ಕದಲ್ಲಿ ಒಬ್ಬ ಮನುಷ್ಯ ರಕ್ತ ಸುರೀತಾ ಬಿದ್ದಿದಾನೆ. ಇವನು ಚಕ್ಕಂಬಕ್ಕಳ ಹಾಕ್ಕೊಂಡು ಕೂತು ಚೀಟಿ ಜೋಡಿಸ್ತಾನೆ. ಯಾರಮ್ಮ ಹಾಗೆ ಮಾಡ್ತಾರೆ?"

"ನಾವು."

ಪದ ತಡೆಯಿಲ್ಲದೆ ಬಿತ್ತು.

"ನಿಘಂಟಿನ ಕೆಲಸದವರು. ಚೀಟಿ ಕಲಸಿಹೋಗಿದ್ದು ಕಂಡರೆ ನಮ್ಮ ಕೈ ಸುಮ್ಮನಿರಲ್ಲ ಭಾವ. ಅಕ್ಕ ಎಷ್ಟು ಬೈದರೂ ನೀವು ಬೆಲ್ಟನ್ನ ಬಾಗಿಲ ಚಿಲಕಕ್ಕೇ ನೇತು ಹಾಕ್ತೀರಲ್ಲ, ಕೈ ತಾನಾಗಿ ಹೋಗುತ್ತಲ್ಲ, ಹಾಗೆ. ಅಜ್ಜನಾಗಿದ್ದರೆ ಇಸವಿ ಪ್ರಕಾರ ಜೋಡಿಸುತ್ತಿದ್ದರು. ಪಟ್ಟೆ ಬಂದಿದೆ ಅಂದರೆ ಜೋಡಿಸಿದ್ದು ಅರ್ಥದ ಪ್ರಕಾರ. ಸಂಪಾದಕರು ಜೋಡಿಸೋ ಹಾಗೆ."

"ಅರ್ಥ? ‘ಕರೆ’ಗೆ ಎಷ್ಟಮ್ಮ ಅರ್ಥ? ಕೂಗಿ ಕರೆಯೋದು, ಅಷ್ಟೇ ತಾನೇ?"

"ನಾಲ್ಕು." ಅವಳು ಬೆರಳು ಮಡಿಸಿದಳು. ಈ ಪದದ ಮಾತು ಬಂದರೆ ಅವಳಿಗೆ ಯಾವತ್ತೂ ಖುಷಿಯೇ. ಇವತ್ತು ಆ ಖುಷಿಗೆ ಭಯವೂ ಸೇರಿ ನಾಲಿಗೆ ಓಡುತ್ತಿತ್ತು. "ಕೂಗಿ ಕರೆಯೋದು. ಹಾಲು ಕರೆಯೋದು. ಹೊಳೆಯ ಕರೆ, ಅಂದರೆ ದಡ. ಬಟ್ಟೆ ಮೇಲಿನ ಕರೆ, ಅಂದರೆ ಕಲೆ. ದೊಡ್ಡ ಮೇಷ್ಟ್ರು ಹೇಳೋದು, ಇವು ನಾಲ್ಕು ಬೇರೆ ಬೇರೆ ಪದ, ನಾಲ್ಕು ಬೇರು. ಕಾಲ ಸವೆದು ಒಂದೇ ಮುಖ ಬಂದಿದೆ ಅಷ್ಟೇ. ಹಳಗಾಲದಲ್ಲಿ ಹಾಲಿಗೂ ಕಲೆಗೂ ಬೇರೊಂದು ‘ಱ’ ಬರೀತಿದ್ದರು, ಕೂಗಿಗೂ ದಡಕ್ಕೂ ನಮ್ಮ ಈಗಿನ ‘ರ’. ಮೇಷ್ಟ್ರು ಅದನ್ನೇ ಹಿಡಿದು ವಾದ ಮಾಡ್ತಾರೆ. ಅವರು ಜೋಡಿಸಿದ್ದರೆ ನಾಲ್ಕು ಕಟ್ಟು ಆಗಬೇಕಿತ್ತು."

"ಇಲ್ಲಿ ಒಂದೇ ಕಟ್ಟು."

"ಒಂದೇ ಕಟ್ಟು, ಒಂದೇ ದಾರ. ಅಂದರೆ ಜೋಡಿಸಿದವರು ಇದನ್ನ ಒಂದೇ ಪದ ಅಂತ ನಂಬಿದವರು. ಒಂದು ಬೇರಿಂದ ನಾಲ್ಕೂ ಚಿಗುರಿದವು ಅಂತ."

"ಹಾಗೆ ನಂಬಿದವರು ಈ ಕಚೇರೀಲಿ ಯಾರಿದ್ದಾರೆ?"

ಅವಳು ತಡೆದಳು. ಆರು ತಿಂಗಳಿಂದ ಪ್ರತಿ ಸೋಮವಾರದ ಸಭೆಯಲ್ಲೂ ಮೇಷ್ಟ್ರ ಜೊತೆ ಮೇಜು ಗುದ್ದಿ ಜಗಳವಾಡಿದವರು ಒಬ್ಬರೇ.

"ಉಪಸಂಪಾದಕರು," ಎಂದಳು.

ಇನ್ಸ್‌ಪೆಕ್ಟರು ಠಾಣೆಗೆ ಫೋನು ಮಾಡಿ ಸೀಲು ಮಾಡಿಟ್ಟ ಆ ಕಟ್ಟನ್ನು ಕೂಡಲೇ ತರಲು ಹೇಳಿದರು. ಆಮೇಲೆ ಟೋಪಿ ಸರಿಮಾಡಿಕೊಂಡು, "ನಡಿ," ಎಂದರು. "ಪಟ್ಟೆ ಹುಲೀನ ನೋಡ್ಕೊಂಡು ಬರೋಣ."

ಉಪಸಂಪಾದಕರ ಕೋಣೆ ಮೊಗಸಾಲೆಯ ಕೊನೆಯಲ್ಲಿತ್ತು. ಅವರ ಅಂಗಿಯಲ್ಲಿ ಒಂದು ಮಡಿಕೆಯನ್ನೂ ಯಾರೂ ಕಂಡವರಿಲ್ಲವಾದ್ದರಿಂದ ಬೆನ್ನ ಹಿಂದೆ ಎಲ್ಲರೂ ‘ಇಸ್ತ್ರಿ ಸಾಹೇಬರು’ ಎನ್ನುತ್ತಿದ್ದರು. ಮೇಜಿನ ಗಾಜಿನ ಮೇಲೆ ಆರು ಪೆನ್ಸಿಲು, ಎಲ್ಲವೂ ಒಂದೇ ಉದ್ದ, ಎಲ್ಲದರ ಮೊನೆಯೂ ಕಿಟಕಿಯ ಕಡೆಗೆ.

"ಬಾಗಿಲು ತಟ್ಟೋದು ಅಂತ ಒಂದಿದೆ," ಎಂದರು ಅವರು ತಲೆಯೆತ್ತದೆ.

"ನಾವು ತಟ್ಟೋದು ಬೇರೆ ಥರ ಸಾರ್. ಅದು ಬೇಡ ಅಂತ ಸುಮ್ನೆ ಒಳಗೆ ಬಂದ್ವಿ." ಇನ್ಸ್‌ಪೆಕ್ಟರು ಕುರ್ಚಿ ಎಳೆದುಕೊಂಡರು. "ನಮ್ಮ ನಾದಿನಿಗೆ ಏನೋ ಒಂದು ಅನುಮಾನವಂತೆ. ಪದದ ವಿಷಯ."

ಅವಳು ನಿಂತೇ ಇದ್ದಳು. ಬೆವೆತ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಒಂದು ಪದ ತಪ್ಪಿದರೆ ಈ ಮನುಷ್ಯ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಮೂರು ಗಂಟೆಗೆ ಅಜ್ಜ ಜೈಲಿನ ದಾರಿ ಹಿಡಿಯುತ್ತಾರೆ.

"ಸರ್, ‘ಕರೆ’ ಎಷ್ಟು ಪದ?"

ಅವರ ಕಣ್ಣು ಫಳ್ಳೆಂದಿತು. ಅದೇ ಆಗಬೇಕಿತ್ತು ಅವಳಿಗೆ.

"ಒಂದು."

"ಮೇಷ್ಟ್ರು ನಾಲ್ಕು ಅಂತಾರೆ."

"ಮೇಷ್ಟ್ರು ತಪ್ಪು. ಆಸ್ಪತ್ರೇಲಿ ಇದಾರೆ ಅಂತ ಸರಿ ಅನ್ನೋಕಾಗಲ್ಲ." ಅವರು ಪೆನ್ಸಿಲು ಕೈಗೆತ್ತಿಕೊಂಡು ಗಾಳಿಯಲ್ಲಿ ಗೆರೆ ಎಳೆದರು. "ಬೇರು ಒಂದೇ: ಸೆಳೆಯೋದು. ದೂರದವನನ್ನ ಹತ್ತಿರಕ್ಕೆ ಸೆಳೀತೀವಿ, ಅದು ಕೂಗಿ ಕರೆಯೋದು. ಕೆಚ್ಚಲಿಂದ ಹಾಲು ಸೆಳೀತೀವಿ, ಅದೂ ಕರೆಯೋದು. ನೀರು ಅಲೆಯನ್ನ ಎಲ್ಲಿಗೆ ಸೆಳೆಯುತ್ತೋ ಅದು ದಡ. ಬಟ್ಟೆ ಏನನ್ನ ಒಳಕ್ಕೆ ಸೆಳೆದುಕೊಳ್ಳುತ್ತೋ ಅದು ಕಲೆ. ಕೂಗು, ಹಾಲು, ದಡ, ಕಲೆ. ಎಷ್ಟು ಅಚ್ಚುಕಟ್ಟಾಗಿದೆ ನೋಡಿ! ಬೇರೆ ‘ಱ’ ಇತ್ತಂತೆ! ಬರೆಯೋರು ತಪ್ಪು ಮಾಡಲ್ವಾ?"

ಒಪ್ಪಲಾರದಿದ್ದರೂ ಅವಳಿಗೆ ಅದು ಚೆಂದ ಕಂಡಿತು. ಪದವೊಂದನ್ನು ಹೀಗೆ ಬಿಚ್ಚುವಾಗ ಈ ಮನುಷ್ಯನ ಮುಖಕ್ಕೆ ಹದಿನೆಂಟರ ಬೆಳಕು ಬರುತ್ತಿತ್ತು. ಇದಕ್ಕಾಗಿ ಒಬ್ಬನ ತಲೆ ಒಡೆಯಬಹುದೇ? ಒಡೆಯಬಹುದು ಎಂದಿತು ಅವಳ ಮನಸ್ಸು.

"ಹಾಗಾದರೆ ಆ ನೂರ ನಲವತ್ತು ಚೀಟಿ ನಿಮ್ಮ ಕೈಗೆ ಕೊಟ್ಟರೆ, ಎಷ್ಟು ಕಟ್ಟು ಕಟ್ಟುತ್ತೀರಿ?"

"ಒಂದು! ಒಂದೇ ಪದ ಅಂದಮೇಲೆ ಒಂದೇ ಕಟ್ಟು!"

ಇನ್ಸ್‌ಪೆಕ್ಟರು ಫೋಟೋವನ್ನು ಗಾಜಿನ ಮೇಲೆ ಮೆಲ್ಲಗೆ ಅವರ ಕಡೆ ಜಾರಿಸಿದರು.

"ಒಂದೇ ಕಟ್ಟು," ಎಂದರು.

ಉಪಸಂಪಾದಕರು ಬಗ್ಗಿ ನೋಡಿದರು. ಕಟ್ಟಿನ ಅಂಚಿನ ಪಟ್ಟೆ ಅವರಿಗೆ ತಕ್ಷಣ ಕಂಡಿತು. ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅವರ ಮುಖದ ಇಸ್ತ್ರಿ ಮುದುರಿತು.

"ಇದು... ಇದನ್ನ ಅಜ್ಜ ಕಟ್ಟಿಲ್ಲ."

"ನಾವೂ ಅದನ್ನೇ ಹೇಳೋಕೆ ಬಂದಿದ್ದು," ಎಂದರು ಇನ್ಸ್‌ಪೆಕ್ಟರು. "ಮೇಜಿನ ಡ್ರಾಯರ್ ಸ್ವಲ್ಪ ತೆಗೀರಿ."

"ಯಾಕೆ?"

"ನನಗೆ ಡ್ರಾಯರ್ ಅಂದ್ರೆ ಆಸಕ್ತಿ."

ಡ್ರಾಯರಿನಲ್ಲಿ ಎಲ್ಲವೂ ಸಾಲಾಗಿತ್ತು: ರಬ್ಬರು, ಗುಂಡುಸೂಜಿಯ ಡಬ್ಬಿ, ಕತ್ತರಿ. ಕತ್ತರಿಯ ಪಕ್ಕದಲ್ಲಿ ಹೊಳೆಯುವ ಹೊಸ ಬೀಗದ ಕೈ. ಇನ್ಸ್‌ಪೆಕ್ಟರು ಅದನ್ನು ಕರವಸ್ತ್ರದಲ್ಲಿ ಎತ್ತಿದರು. ಜೇಬಿನಿಂದ ಕಟ್ಟಜ್ಜನ ಸವೆದ ಬೀಗದ ಕೈ ತೆಗೆದು ಪಕ್ಕಕ್ಕೆ ಹಿಡಿದರು. ಹಲ್ಲಿಗೆ ಹಲ್ಲು ಹೊಂದಿತು.

ಅವಳು ಗೋಡೆಗೆ ಕೈ ಕೊಟ್ಟು ನಿಂತಳು. ಸಿಕ್ಕಿತು! ಕೋಣೆಯ ಬೀಗ ತೆಗೆಯಬಲ್ಲವರು ಅಜ್ಜನೊಬ್ಬರೇ ಅಲ್ಲ.

"ಮೇಷ್ಟ್ರು ಒಂದು ತಿಂಗಳ ಹಿಂದೆಯೇ ಆ ಕಟ್ಟನ್ನ ನನಗೆ ಕೊಡಬೇಡಿ ಅಂತ ಅಜ್ಜನಿಗೆ ಹೇಳಿದ್ದರು!" ಉಪಸಂಪಾದಕರು ಎದ್ದುನಿಂತಿದ್ದರು. "ನನ್ನ ಕಚೇರಿಯಲ್ಲಿ ನಾನೇ ಕಳ್ಳನ ಹಾಗೆ ನುಗ್ಗಬೇಕಾಯ್ತು. ಎರಡು ಸಲ ಹೋಗಿದ್ದೆ. ಓದಿದೆ, ಇದ್ದ ಹಾಗೇ ಇಟ್ಟು ಬಂದೆ. ಆದರೆ ಅವತ್ತು ಹೋಗಿಲ್ಲ."

"ಅವತ್ತು ಐದರಿಂದ ಆರರವರೆಗೆ ಎಲ್ಲಿದ್ರಿ?"

"ಇಲ್ಲೇ. ಈ ಕುರ್ಚೀಲೇ."

"ಜೊತೆಗೆ?"

"ಯಾರೂ ಇಲ್ಲ. ನಾನು ಒಬ್ಬನೇ."

"ಆರು ಪೆನ್ಸಿಲು ಇತ್ತಲ್ಲ," ಎಂದು ಇನ್ಸ್‌ಪೆಕ್ಟರು ಎದ್ದು ಫೋನು ಕಿವಿಗೆ ಹಿಡಿದರು. ಅವರ ದನಿ ಇಡೀ ಮೊಗಸಾಲೆಗೆ ಕೇಳುವಂತಿತ್ತು. "ಹಲೋ, ನಾನೇ. ಅಜ್ಜನ್ನ ಬಿಟ್ಟುಬಿಡಿ. ಹೌದು, ಈಗಲೇ. ಮೂರು ಗಂಟೆ ಕೋರ್ಟು ಬೇಡ. ನಮ್ಮ ಜೀಪಲ್ಲೇ ಮರ್ಯಾದೆಯಿಂದ ಮನೆ ಮುಟ್ಟಿಸಿ. ಆಸ್ಪತ್ರೇಲಿ ಮೇಷ್ಟ್ರ ಬಾಗಿಲಲ್ಲಿ ಕಾವಲಿರೋ ಪೇದೇನೂ ಇಲ್ಲಿಗೇ ಕಳಿಸಿ, ಕೈ ಕಡಿಮೆ ಬಿದ್ದಿದೆ. ಇನ್ನು ಅಲ್ಲಿ ಕಾವಲು ಯಾಕೆ? ಆಸಾಮಿ ನನ್ನೆದುರಿಗೇ ನಿಂತಿದಾನೆ."

ಮೂರು ದಿನದ ಹೊರೆ ಒಂದು ಮಾತಿಗೆ ಇಳಿದಿತ್ತು. ತಾನು ಬರೆದ ವಾಕ್ಯದಿಂದ ಒಳಗೆ ಹೋದ ಮನುಷ್ಯ, ತಾನು ಕಂಡ ಪಟ್ಟೆಯಿಂದ ಹೊರಗೆ ಬಂದರು. ಮೊಗಸಾಲೆಯಲ್ಲಿ ಓಡಬೇಕು, ಯಾರನ್ನಾದರೂ ಹಿಡಿದು ಗಿರಗಿರನೆ ತಿರುಗಿಸಬೇಕು ಅನ್ನಿಸಿತು.

ಎರಡು ಗಂಟೆ ಐದು ನಿಮಿಷಕ್ಕೆ ಠಾಣೆಯ ಪೇದೆ ಅರಗು ಹಾಕಿದ ಲಕೋಟೆ ತಂದ. ಅದರೊಳಗೆ ‘ಕರೆ’ಯ ಕಟ್ಟಿತ್ತು.

ಅಷ್ಟರಲ್ಲಿ ಉಪಸಂಪಾದಕರು ಸಾವರಿಸಿಕೊಂಡಿದ್ದರು. "ಬಿಚ್ಚಿ," ಎಂದರು. "ನನ್ನೆದುರಿಗೇ ಬಿಚ್ಚಿ ಓದಿ. ನನ್ನ ಕ್ರಮ ನಿಮಗೆ ಈಗಷ್ಟೇ ಹೇಳಿದೆ. ಹೋದ ತಿಂಗಳ ಸಭೆಯ ನಡಾವಳಿಯಲ್ಲೂ ಇದೆ. ಕೂಗು, ಹಾಲು, ದಡ, ಕಲೆ. ಆ ಕ್ರಮದಲ್ಲಿದ್ದರೆ ಕೈಗೆ ಕೋಳ ಹಾಕಿ, ತುಟಿ ಬಿಚ್ಚಲ್ಲ."

"ಬಿಚ್ಚಮ್ಮ," ಎಂದರು ಇನ್ಸ್‌ಪೆಕ್ಟರು. "ಇದೊಂದು ಆಗಿಹೋಗಲಿ."

ಅವಳು ಮೇಜಿನ ತುದಿಗೆ ಕೂತು ಗಂಟು ಬಿಚ್ಚಿದಳು. ರಟ್ಟು ತೆಗೆದು ಮೊದಲ ಚೀಟಿಯನ್ನು ಗಟ್ಟಿಯಾಗಿ ಓದಿದಳು.

"‘ಎಷ್ಟು ತಿಕ್ಕಿದರೂ ಸೆರಗಿನ ಕರೆ ಹೋಗಲಿಲ್ಲ.’"

ಕಲೆ. ಅವಳು ಮುಂದಿನದನ್ನು ಎತ್ತಿದಳು. ಕಲೆ. ಅದರ ಮುಂದಿನದೂ ಕಲೆ. ಒಂದು ಹಳದಿ, ಒಂದು ಬಿಳಿ; ಐವತ್ತು ವರ್ಷದ ಅಂತರದಲ್ಲಿ ಬರೆದ ಚೀಟಿಗಳು ಅಕ್ಕಪಕ್ಕ ಕೂತಿದ್ದವು. ಇಪ್ಪತ್ತೆರಡು ಚೀಟಿ ಕಲೆಯವು.

ಉಪಸಂಪಾದಕರ ತುಟಿಯಲ್ಲಿ ಒಂದು ನಗು ಹುಟ್ಟಿತು.

ಇಪ್ಪತ್ತಮೂರನೆಯದು: "‘ದೋಣಿ ಆಚೆಯ ಕರೆ ಮುಟ್ಟುವಾಗ ನೀರು ತಿಳಿಯಾಗಿತ್ತು.’" ದಡ. ಅಲ್ಲಿಂದ ಮುಂದೆ ಬರೀ ದಡ. ಆಮೇಲೆ, "‘ಹೊಳೆಯ ಆಚೆಯಿಂದ ಯಾರೋ ಅವನನ್ನು ಕರೆದರು.’" ಕೂಗು. ಕೊನೆಯ ರಾಶಿ ಹಾಲು.

"ಕಲೆ, ದಡ, ಕೂಗು, ಹಾಲು!" ಉಪಸಂಪಾದಕರು ಗಹಗಹಿಸಿ ನಕ್ಕೇಬಿಟ್ಟರು. "ಕಲೆಯಿಂದ ಶುರು! ಯಾವ ಶಾಸ್ತ್ರ ಸ್ವಾಮಿ ಇದು? ನಾನು ಸತ್ತರೂ ಹೀಗೆ ಕಟ್ಟಲ್ಲ."

"ಕಲಸಿ ಕಟ್ಟಿರಬೇಕು," ಎಂದರು ಇನ್ಸ್‌ಪೆಕ್ಟರು.

"ಕಲಸಿಲ್ಲ!" ಅವರೊಳಗಿನ ಸಂಪಾದಕ ಎದ್ದಿದ್ದ, ತಮ್ಮ ಮೇಲಿನ ಆರೋಪವನ್ನೇ ಮರೆತು ಚೀಟಿಗಳ ಮೇಲೆ ಬಗ್ಗಿದ್ದರು. "ಇಲ್ಲಿ ನೋಡಿ. ಕಲೆಯ ಕೊನೇ ಚೀಟಿಯಲ್ಲಿ ನೀರು ಇಳಿದ ಮೇಲೆ ಗೋಡೆಗೆ ಉಳಿದ ಕಪ್ಪು ಗೆರೆ. ಅದರ ಹಿಂದೇ ದಡ. ಕೂಗಿನ ಮೊದಲ ಚೀಟಿಯಲ್ಲಿ ಹೊಳೆ. ಹಾಲಿನ ಮೊದಲ ಚೀಟಿಯಲ್ಲಿ ಹಸುವನ್ನ ಹೆಸರು ಹಿಡಿದು ಕೂಗ್ತಾರೆ. ಒಂದಕ್ಕೊಂದು ಕೊಂಡಿ ಹಾಕಿದ್ದಾನೆ. ನನಗಿಂತ ಹುಚ್ಚ ಯಾರೋ ಇದಾನೆ ಇಲ್ಲಿ. ಯಾರ ತಲೆ ಇದು?"

ಅವಳಿಗೆ ಅವರ ಮಾತು ಬಹಳ ದೂರದಿಂದ ಬಂದ ಹಾಗೆ ಕೇಳುತ್ತಿತ್ತು.

ನೀರು ಹೋದ ಮೇಲೆ ಕಲ್ಲಿನ ಮೇಲೆ ಉಳಿಯುವ ಕಪ್ಪು ಕಲೆಯೇ ಮೊದಲ ಕರೆ. ಆ ಕಲೆ ಇದ್ದಲ್ಲೇ ದಡ. ದಡದಲ್ಲಿ ನಿಂತವನು ಆಚೆ ದಡದವನನ್ನು ಕೂಗಲೇಬೇಕು. ಹಾಗೆ ಕೂಗಿದರೆ ಬರುವ ಹಸು ಹಾಲು ಕೊಡುತ್ತದೆ. ಈ ಕತೆ ಅವಳಿಗೆ ಬಾಯಿಪಾಠವಾಗಿತ್ತು.

ಆ ಕತೆ ಕಟ್ಟಿದವಳೇ ಅವಳು. ಶಾಸ್ತ್ರ ಇದನ್ನು ಒಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. 'ಱ' ಒಂದೇ ಸಾಕು ಇದನ್ನು ಉರುಳಿಸಲು. ಸಂಪಾದಕರ ಎದುರು ಹೇಳಿದರೆ ನಗುತ್ತಾರೆ. ಅದಕ್ಕೇ ಎಲ್ಲೂ ಬರೆದಿಡಲಿಲ್ಲ, ಸಭೆಯಲ್ಲಿ ಎತ್ತಲಿಲ್ಲ. ಊಟದ ಬಿಡುವಿನಲ್ಲಿ, ಚೀಟಿ ಕೋಣೆಯ ಹೊಸ್ತಿಲ ಮೇಲೆ ಕೂತು, ಈ ಭೂಮಿಯ ಮೇಲೆ ಒಬ್ಬರಿಗೆ ಮಾತ್ರ ಹೇಳಿದ್ದಳು. ದಬ್ಬಳಕ್ಕೆ ದಾರ ಪೋಣಿಸುತ್ತಾ ಅವರು ಕೇಳುತ್ತಿದ್ದರು. "ಆಮೇಲೆ ದಡದಿಂದ ಕೂಗಿಗೆ ಹೇಗೆ ಬಂತು ಮಗಳೇ?" ಎಂದು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದರು.

ಇಸವಿ ಬಿಟ್ಟು ಬೇರೇನೂ ಓದುವುದಿಲ್ಲವೆಂದು ಎಲ್ಲರೂ ನಂಬಿದ್ದ ಕಟ್ಟಜ್ಜ.

ಹಾಗಾದರೆ ಅಜ್ಜನೇ? ಮೇಷ್ಟ್ರ ಪಕ್ಕ ಅರ್ಧ ಗಂಟೆ ಕೂತು...? ಇನ್ನೊಂದು ಸಾಧ್ಯತೆಯೂ ಅದರ ಬೆನ್ನಿಗೇ ಬಂತು. ಅದು ಮೊದಲಿನದಕ್ಕಿಂತ ಭಯಂಕರವಾಗಿತ್ತು. ಯಾರೋ ಅವಳ ಕತೆಯನ್ನು ಮರೆಯಲ್ಲಿ ನಿಂತು ಕೇಳಿದ್ದರೆ? ಅಜ್ಜ ಈ ಕಟ್ಟನ್ನು ಕಂಡು, ಇದು ಮಗಳದೇ ಕೆಲಸ ಎಂದುಕೊಂಡಿದ್ದರೆ? ಮೂರು ದಿನ ತುಟಿ ಹೊಲಿದುಕೊಂಡು ಕೂತದ್ದು ಅವಳನ್ನು ಉಳಿಸಲೆಂದೇ ಆಗಿದ್ದರೆ?

ಯಾವುದು ನಿಜ? ಹೇಳಬಲ್ಲವರು ಮೇಷ್ಟ್ರೊಬ್ಬರೇ.

ಇನ್ಸ್‌ಪೆಕ್ಟರ ಫೋನು ಬಡಿದುಕೊಂಡಿತು. ಕಿವಿಗಿಟ್ಟ ಕೂಡಲೇ ಅವರ ಮುಖ ಅರಳಿತು.

"ಕೇಳಿದ್ಯಾ? ಮೇಷ್ಟ್ರಿಗೆ ಎಚ್ಚರ ಬಂತಂತೆ! ಕಣ್ಣು ಬಿಟ್ಟು ನೀರು ಕೇಳಿದಾರಂತೆ!" ಅವರು ಮೇಜು ಕುಟ್ಟಿದರು. "ಅಜ್ಜ ಮನೆಗೆ ಹೋಗಲ್ಲ ಅಂದರಂತೆ ಕಣಮ್ಮ. ಮೊದಲು ಮೇಷ್ಟ್ರ ಮುಖ ನೋಡಬೇಕು ಅಂತ ನಮ್ಮ ಹುಡುಗರ ಕೈ ಹಿಡ್ಕೊಂಡು ಬೇಡಿದರಂತೆ. ಈಗಷ್ಟೇ ಜೀಪು ಅವರನ್ನ ಆಸ್ಪತ್ರೆ ಬಾಗಿಲಲ್ಲಿ ಇಳಿಸಿತಂತೆ. ಏನು ಮನುಷ್ಯ! ಇಂಥೋರನ್ನ ಹಿಡ್ಕೊಂಡು ಬಂದಿದ್ವಲ್ಲ ನಾವು."

"ಮೇಷ್ಟ್ರ ಬಾಗಿಲಲ್ಲಿ ಯಾರಿದ್ದಾರೆ ಭಾವ?"

ಉತ್ತರ ಬಾಗಿಲಲ್ಲೇ ನಿಂತಿತ್ತು. ಆಸ್ಪತ್ರೆಯ ಕಾವಲಿನ ಪೇದೆ ಏದುಸಿರು ಬಿಡುತ್ತಾ ಸೆಲ್ಯೂಟ್ ಹೊಡೆದ. "ಕರೆಸಿದ್ರಂತೆ ಸಾರ್."

ಅವಳು ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. "ಆಸ್ಪತ್ರೆಗೆ ಫೋನು ಮಾಡಿ ಭಾವ. ಮೇಷ್ಟ್ರ ಕೋಣೆಗೆ ಯಾರನ್ನೂ ಬಿಡಬೇಡಿ ಅನ್ನಿ. ಯಾರನ್ನೂ."

"ಯಾರನ್ನೂ ಅಂದ್ರೆ?"

"ಅಜ್ಜನ್ನೂ."

ಉಪಸಂಪಾದಕರು ನಿಧಾನವಾಗಿ ತಲೆಯೆತ್ತಿ ಅವಳನ್ನೇ ನೋಡಿದರು. ಬಿಚ್ಚಿದ ಚೀಟಿಗಳ ಮೇಲೆ ಅವರ ಬೆರಳು ನಿಂತಿತ್ತು.

"ಈ ಕ್ರಮ ಯಾರದು ಅಂತ ನಿಮಗೆ ಗೊತ್ತು," ಎಂದರು ಮೆಲ್ಲಗೆ. "ಓದೋವಾಗಲೇ ನಿಮ್ಮ ದನಿ ನಡುಗ್ತಾ ಇತ್ತು."

"ಯಾರಮ್ಮ?" ಎಂದರು ಇನ್ಸ್‌ಪೆಕ್ಟರು. "ಯಾರ ಕ್ರಮ?"

ಸ್ವಲ್ಪ ಹೊತ್ತಿನ ಹಿಂದೆ, ಚೀಟಿ ಜೋಡಿಸಿದ ತಲೆ ಯಾರದೋ, ಹೊಡೆದ ಕೈಯೂ ಅವರದೇ ಎಂದು ಈ ಕೋಣೆಯಲ್ಲಿ ಎಲ್ಲರನ್ನೂ ಒಪ್ಪಿಸಿದವಳು ಅವಳೇ. ಈಗ ಬಾಯಿ ಬಿಟ್ಟರೆ ಯಾರ ಹೆಸರು ಮೊದಲು ಬರಬೇಕೆಂಬುದು ಅವಳಿಗೆ ಗೊತ್ತಿತ್ತು. ಸುಳ್ಳು ಹೇಳಿದರೆ ತನಗೆ ಅರ್ಧ ಗಂಟೆಯ ಬಿಡುವು ಸಿಗುತ್ತದೆ. ಆ ಅರ್ಧ ಗಂಟೆಯಲ್ಲಿ ಆಸ್ಪತ್ರೆಯ ಆ ಕೋಣೆಯಲ್ಲಿ ಏನು ನಡೆಯುತ್ತದೋ ಯಾರಿಗೆ ಗೊತ್ತು?

"ನನ್ನದು," ಎಂದಳು. "ಇದನ್ನ ನಾನು ಕಟ್ಟಿಲ್ಲ. ಆದರೆ ಈ ಕ್ರಮ ನನ್ನ ತಲೆಯದು. ನಾನು ಒಬ್ಬರಿಗೆ ಮಾತ್ರ ಹೇಳಿದ್ದೆ ಭಾವ, ಅವರು ಈಗ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾ ಇದ್ದಾರೆ. ದಯವಿಟ್ಟು ಮೊದಲು ಫೋನು ಮಾಡಿ."

ಇನ್ಸ್‌ಪೆಕ್ಟರು ಫೋನು ಎತ್ತಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರು ಅವಳನ್ನು ನಾದಿನಿಯನ್ನು ನೋಡುವ ಹಾಗೆ ನೋಡಲಿಲ್ಲ.

ಅವಳು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು. ಅವರು ಅಡ್ಡ ಬಂದು ನಿಂತರು.